ಸೋದರಮಾವನ ಸೊಂಟವೂ ಸೊಸೆಯ ಗೌನೂ

ಕೆರಿಯ: ಅದೆಲ್ಲ ಇರಲಿ ಮಾರಾಯ್ತಿ. ಇದನ್ನ ಎಲ್ಲಿ ಹಿಡಿದು ಎತ್ತೂದು? ಅದನ್ನ ಹೇಳು ಮೊದ್ಲು.

ದಿವ್ಯಾ: ಎತ್ತೂದು ಎಂತಕ್ಕೆ ಮಾವ? ಗೌನ್ ಹಾಕಿದವ್ರಿಗೂ ಕಾಲು ಇರ್ತದೆ.

ಕೆರಿಯ: ಇರ್ತದೆ. ಆ ಕಾಲು ನೆಲಕ್ಕೆ ತಾಗಬಾರದು ಅಂತಲೇ ದೇವರು ಸೋದರಮಾವನ್ನ ಹುಟ್ಟಿಸಿದ್ದು.

ಯಾಸ್ಮೀನ್: ನಾಯ್ಕ್ರೆ, ಸುತ್ತ ಎಷ್ಟು ಬೇಕಾದ್ರೂ ತಿರುಗ್ರಿ. ಒರಗಬ್ಯಾಡ್ರಿ ಮಾತ್ರ.

(ಸಿರ್ಸಿ ಪೇಟೆಯಲ್ಲಿ, ಮಹಡಿಯ ಮೇಲೆ, ಯಾಸ್ಮೀನಳ ಮದುವೆ ಬಟ್ಟೆಯ ಬಾಡಿಗೆ ಅಂಗಡಿ. ನಟ್ಟನಡುವೆ ತಲೆಯಿಲ್ಲದ ಬೊಂಬೆಯೊಂದು ಕೆನೆ ಬಣ್ಣದ ಗೌನು ತೊಟ್ಟು ನಿಂತಿದೆ. ಸೊಂಟದವರೆಗೆ ಅದು ಬಟ್ಟೆ. ಸೊಂಟದಿಂದ ಕೆಳಗೆ ಒಂದು ಸಾಮ್ರಾಜ್ಯ. ಒಳಗಿನ ಉಕ್ಕಿನ ಬಳೆಗಳು ಅದನ್ನು ನಾಲ್ಕು ದಿಕ್ಕಿಗೂ ವಿಸ್ತರಿಸಿವೆ. ಹುಲಗೋಳದ ಕೆರಿಯ ನಾಯ್ಕ, ಅರವತ್ತರ ಹತ್ತಿರದ ವೀರ, ಕೋಟೆಗೆ ಮುತ್ತಿಗೆ ಹಾಕಲು ಬಂದ ದಳಪತಿಯಂತೆ ಅದಕ್ಕೆ ಪ್ರದಕ್ಷಿಣೆ ಬರುತ್ತಿದ್ದಾನೆ. ಜೊತೆಗಿರುವವಳು ತಂಗಿಯ ಮಗಳು, ತ್ಯಾಗಲಿಯ ದಿವ್ಯಾ. ಯಲ್ಲಾಪುರದ ಹೈಸ್ಕೂಲಿನಲ್ಲಿ ಆಟದ ಟೀಚರು. ಕಾಲೇಜಿನಲ್ಲಿದ್ದಾಗ ಜಿಲ್ಲೆಯ ಪರವಾಗಿ ಗುಂಡು ಎಸೆದವಳು. ಎಸೆದ ಗುಂಡಿನ ತೂಕದಲ್ಲಿ ಸ್ವಲ್ಪ ಅವಳಲ್ಲೇ ಉಳಿದುಕೊಂಡಿದೆ ಎಂದು ಕೆಲವರ ಅಭಿಪ್ರಾಯ. ಹುಡುಗ ಸಂಜಯ ಯಲ್ಲಾಪುರದ ಕಡೆಯವನಾದ್ದರಿಂದ ಧಾರೆ ಚಂದಗುಳಿಯ ಘಂಟೆಗಣಪತಿಯ ಎದುರಿಗೆ, ಮನೆಯವರಷ್ಟೇ ಸೇರಿ. ಮಾರನೆಯ ದಿನ ತ್ಯಾಗಲಿಯಲ್ಲಿ ಚಪ್ಪರ, ಊರೂಟ. ಚಪ್ಪರದ ಬಾಗಿಲಿನಿಂದ ಹಸೆಮಣೆಯವರೆಗೆ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಹೋಗುವುದು ಈ ಮನೆತನದ ಶಾಸ್ತ್ರ. ದಿವ್ಯಾ ಗೌನು ತೊಡುವುದೂ ಅದೇ ದಿನ, ಅದೇ ಚಪ್ಪರದಲ್ಲಿ. ಯುದ್ಧಕ್ಕೆ ಇಷ್ಟು ಸಾಕು.)

ಕೆರಿಯ: ಕೋಳಿ ಮುಚ್ಚೂ ಬುಟ್ಟಿ ಇದು. ನಿನ್ನ ಹತ್ರ ಬರೂಕೇ ನಂಗೆ ಕೈ ಎಟುಕೂದಿಲ್ಲ. ಊರಿನವ್ರೆಲ್ಲ ನೋಡ್ತಾ ಇರುವಾಗ ನಾ ಕೋಲು ತಂದು ನಿನ್ನ ಎತ್ತೂದಾ?

ದಿವ್ಯಾ: ಅದಕ್ಕೇ ಎತ್ತೂದು ಬೇಡ ಅಂದದ್ದು. ಮೊಬೈಲಲ್ಲಿ ನೋಡು, ಎಲ್ಲಾ ಮದುಮಗಳೂ ನಡ್ಕಂಡೇ ಬತ್ತಾರೆ.

ಯಾಸ್ಮೀನ್: ಹೌದ್ರಿ. ಇಲ್ಲಿ ಗ್ವಾಡಿ ಮ್ಯಾಲೂ ಹಚ್ಚೇನಿ ನೋಡ್ರಿ. ಬಂದ ಗಿರಾಕಿಗೆ ಒಂದು ಸ್ಫೂರ್ತಿ ಬರ್ಲಿ ಅಂತ.

(ಗೋಡೆಯ ತುಂಬ ಪರದೇಶದ ಮದುಮಗಳ ಚಿತ್ರಗಳು. ಸಮುದ್ರದ ದಂಡೆಯಲ್ಲಿ ಒಬ್ಬಳು, ಹುಲ್ಲಿನ ಮೇಲೆ ಒಬ್ಬಳು, ಬಿಳಿ ಕುದುರೆಯ ಪಕ್ಕದಲ್ಲಿ ಒಬ್ಬಳು. ಕೆರಿಯ ಕನ್ನಡಕ ಏರಿಸಿ ಒಂದೊಂದನ್ನೂ ಪರೀಕ್ಷಿಸುತ್ತಾನೆ.)

ಕೆರಿಯ: ಇದ್ರಲ್ಲಿ ನೆಂಟ್ರು ಎಲ್ಲಿ?

ಯಾಸ್ಮೀನ್: ನೆಂಟ್ರು ಫೋಟೋದಾಗ ಇಲ್ರಿ.

ಕೆರಿಯ: ಅದಕ್ಕೇ ಮದುಮಗಳು ನಗ್ತಾ ಇದ್ದಾಳೆ.

ದಿವ್ಯಾ: ಮಾವ, ನಾ ಹಾಕ್ಕಂಡು ತೋರಿಸ್ತೆ. ಒಂದ್ಸಲ ನೋಡು. ಆಮೇಲೆ ಬೈ.

ಕೆರಿಯ: ನೋಡೂಕೆ ಮೊದ್ಲೇ ಬೈದಾಗದೆ. ಆದ್ರೂ ಹೋಗು.

(ದಿವ್ಯಾ ಪರದೆಯ ಹಿಂದೆ ಹೋಗುತ್ತಾಳೆ. ಯಾಸ್ಮೀನ್ ಬೊಂಬೆಯ ಮೈಮೇಲಿನ ಗೌನು ಬಿಚ್ಚಿ, ಎರಡು ಕೈಯಲ್ಲಿ ಹೊತ್ತು, ಒಳಗೆ ತಳ್ಳಿ ಬರುತ್ತಾಳೆ. ಪರದೆ ಮುಚ್ಚಿದ್ದೇ ತಡ, ಕೆರಿಯನ ಗತ್ತೆಲ್ಲ ಇಳಿದುಹೋಗುತ್ತದೆ. ಕುರ್ಚಿಯ ಹಿಡಿಕೆ ಹಿಡಿದು, ಹಳೆಯ ಗೇಟು ಮುಚ್ಚಿದಂತೆ ಹಂತ ಹಂತವಾಗಿ ಕುಳಿತುಕೊಳ್ಳುತ್ತಾನೆ.)

ಕೆರಿಯ: (ಪಿಸುದನಿಯಲ್ಲಿ) ತಂಗೀ, ಇಲ್ಲಿ ಬಾ. ಈ ಗೌನು ಹೆಂಗಾದ್ರೂ ಮಾಡಿ ಅವಳಿಗೆ ಕೊಡು.

ಯಾಸ್ಮೀನ್: ಆಂ? ಈಗ ಕೋಳಿಬುಟ್ಟಿ ಅಂದ್ರಿ?

ಕೆರಿಯ: ಮೆಲ್ಲಗೆ. ನನ್ನ ಸೊಂಟ ಹೋಗದೆ.

ಯಾಸ್ಮೀನ್: ಎಲ್ಲಿಗ್ರಿ?

ಕೆರಿಯ: ಎಲ್ಲಿಗೆ ಹೋಗ್ತದೆ, ಇಲ್ಲೇ ಅದೆ, ಉಪಯೋಗಕ್ಕಿಲ್ಲ. ಮದುವೆಗೆ ಎತ್ತಬೇಕಲ್ಲ, ಸ್ವಲ್ಪ ರೂಢಿ ಆಗ್ಲಿ ಅಂತ ಅಂಗಳದಲ್ಲಿ ನನ್ನ ಹೆಂಡತಿ ದ್ಯಾವಮ್ಮನ್ನ ಎತ್ತಿದೆ.

ಯಾಸ್ಮೀನ್: ಎತ್ತಿದ್ರಾ?

ಕೆರಿಯ: ಎತ್ತಿದೆ. ಸೊಂಟ ಕಟಕ್ ಅಂತು. ಕೆಳಗೆ ಇಳಿಸಿ ಮಾರಾಯ್ರೆ ಅಂದ್ಲು. ಇಳಿಸೂ ಕೆಲಸ ನನ್ನಿಂದ ಆಗ್ಲಿಲ್ಲ. ಅವಳೇ ಇಳಿದ್ಲು, ಒಂದೇ ಸಲಕ್ಕೆ.

(ಯಾಸ್ಮೀನ್ ಅಳತೆಪಟ್ಟಿಯನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಾಳೆ.)

ಯಾಸ್ಮೀನ್: ಹಂಗಾದ್ರ ಹೇಳಿಬಿಡ್ರಿ ಹುಡುಗಿಗೆ. ಸೊಂಟ ನೋವು ಐತಿ, ಎತ್ತಾಕ ಆಗೂದಿಲ್ಲ ಅಂತ. ಅದ್ರಾಗ ನಾಚಿಕಿ ಏನೈತಿ?

ಕೆರಿಯ: ಹೇಳಿದ್ರೆ ಮಾಸ್ತಿ ಬತ್ತಾನೆ.

ಯಾಸ್ಮೀನ್: ಮಾಸ್ತಿ ಯಾರ್ರಿ?

ಕೆರಿಯ: ನನ್ನ ಚಿಕ್ಕಪ್ಪನ ಮಗ. ಅವನೂ ಅವಳಿಗೆ ಸೋದರಮಾವನೇ ಆಗೂದು, ಎರಡನೇ ಸಾಲಿನಲ್ಲಿ. ಸಿದ್ದಾಪುರದಲ್ಲಿ ಜಿಮ್ಮಿಗೆ ಹೋಗ್ತಾನೆ. ಬಿಗಿ ಬನಿಯನ್ ಹಾಕ್ಕಂಡು ನೆಂಟರ ಮನೆಗೆ ಬತ್ತಾನೆ. ಕೆರಿಯಣ್ಣನಿಗೆ ಕೂಡೂದಿಲ್ಲ ಅಂತ ಒಂದು ಮಾತು ಬಿದ್ರೆ ಸಾಕು, ಅವಳನ್ನ ಎತ್ಕಂಡು ಚಪ್ಪರದ ಸುತ್ತ ಒಂದು ಸುತ್ತು ಹೆಚ್ಚಿಗೆ ಹಾಕ್ತಾನೆ. ಅದು ವಿಡಿಯೋ ಆಗ್ತದೆ. ನಾ ಸಾಯೂವರೆಗೆ ಅದನ್ನ ಎಲ್ಲರ ಮನೆಯಲ್ಲೂ ನೋಡ್ಬೇಕು.

ಯಾಸ್ಮೀನ್: ಗೌನ್ ಹಾಕಿದ್ರ?

ಕೆರಿಯ: ಗೌನು ಹಾಕಿದ್ರೆ ನಂಗೂ ಎತ್ತೂಕಾಗ, ಮಾಸ್ತಿಗೂ ಎತ್ತೂಕಾಗ. ಶಾಸ್ತ್ರ ಮುರಿದದ್ದು ಗೌನು, ಕೆರಿಯ ಅಲ್ಲ. ಹಾಗಾಗಿ ನಾ ಬೇಡ ಬೇಡ ಅಂತ ಹೋರಾಡ್ತೆ. ನೀನು ಅವಳ ಕಡೆ ಸೇರಿ ನನ್ನ ಸೋಲಿಸು. ಸುಲಭದಲ್ಲಿ ಸೋಲಿಸಬೇಡ, ಮರ್ಯಾದೆ ಹೋಗ್ತದೆ. ಸ್ವಲ್ಪ ರಕ್ತ ಸುರಿಸಿ ಸೋಲಿಸು.

ದಿವ್ಯಾ: (ಪರದೆಯ ಹಿಂದಿನಿಂದ) ಯಾಸ್ಮೀನಕ್ಕಾ, ಹಿಂದಿನ ಹುಕ್ಕು ಹಾಕೂಕೆ ಬಾ.

(ಯಾಸ್ಮೀನ್ ಪರದೆಯೊಳಗೆ ಹೋಗುತ್ತಾಳೆ. ಅಲ್ಲಿಯೂ ಪಿಸುಮಾತೇ ಕಾದಿದೆ.)

ದಿವ್ಯಾ: ಅಕ್ಕಾ, ಮಾವ ಎಷ್ಟೇ ಕೂಗಾಡ್ಲಿ, ನೀನು ಬಿಡಬೇಡ. ಈ ಗೌನು ನಂಗೂ ಅಷ್ಟಕ್ಕಷ್ಟೇ. ಬೆನ್ನು ಚುಚ್ಚುತ್ತದೆ.

ಯಾಸ್ಮೀನ್: ಮತ್ತ್ಯಾಕ ಬೇಕು?

ದಿವ್ಯಾ: ಮಾವನ ಸೊಂಟ ಹೋಗದೆ. ದ್ಯಾವಮ್ಮತ್ತೆ ಫೋನ್ ಮಾಡಿ ಹೇಳಿದ್ರು. ನೀ ಎತ್ತಬೇಡ ಅಂದ್ರೆ ಅವ ಊಟ ಬಿಡ್ತಾನೆ. ಎತ್ತು ಅಂದ್ರೆ ಆಸ್ಪತ್ರೆ. ಗೌನು ಹಾಕಿದ್ರೆ ಅವನ ಮರ್ಯಾದೆನೂ ಉಳೀತದೆ, ಸೊಂಟವೂ ಉಳೀತದೆ. ಅವಂಗೆ ಮಾತ್ರ ಗೊತ್ತಾಗಬಾರದು. ಆಣೆ ಹಾಕು.

ಯಾಸ್ಮೀನ್: (ಹುಕ್ಕು ಎಳೆಯುತ್ತ) ಯಾ ಅಲ್ಲಾ. ಇವತ್ತು ನನ್ನ ಹೊಟ್ಟೀಗೆ ಏನಾದ್ರೂ ಆದ್ರ ನಿಮ್ಮ ಮನಿತನಾನ ಜವಾಬ್ದಾರಿ.

(ಹೀಗೆ, ಒಂದೇ ಗೌನಿಗಾಗಿ ಹಂಬಲಿಸುವ ಇಬ್ಬರು ಪರಸ್ಪರ ಯುದ್ಧ ಸಾರಿದರು. ಪರದೆ ಸರಿಯಿತು. ಮೊದಲು ದಿವ್ಯಾ ಬಂದಳು. ಆಮೇಲೆ ಗೌನು ಬಂತು. ಆಮೇಲೂ, ನೆಲ ಗುಡಿಸುವ ಉದ್ದ ಬಾಲವಾಗಿ, ಬರುತ್ತಲೇ ಇತ್ತು. ಕೆರಿಯ ಕಾಲು ಎಳೆದುಕೊಂಡು ಜಾಗ ಬಿಟ್ಟುಕೊಟ್ಟ. ಸೊಸೆ ಚಂದ ಕಾಣುತ್ತಿದ್ದಳು, ಅದನ್ನು ಹೇಳುವಂತಿರಲಿಲ್ಲ.)

ಕೆರಿಯ: ಬಸ್ ಸ್ಟ್ಯಾಂಡಿನಷ್ಟು ಜಾಗ ಬೇಕು ಇದ್ಕೆ.

ದಿವ್ಯಾ: ಚಪ್ಪರ ದೊಡ್ಡದು ಮಾಡ್ಸಿದ್ರಾಯ್ತು.

ಕೆರಿಯ: ಹಸೆಮಣೆ ಮೇಲೆ ಕೂತ್ಕಂಡ್ರೆ ಈ ಬಳೆ ಎಲ್ಲ ಎದ್ದು ಮುಖಕ್ಕೆ ಬತ್ತದೆ. ಮದುಮಗ ತಾಂಬೂಲ ಯಾರಿಗೆ ಕೊಡೂದು? ಬುಟ್ಟಿಗಾ?

ಯಾಸ್ಮೀನ್: ಎತ್ತರದ ಸೋಫಾ ಕೊಡ್ತೀನ್ರಿ, ಪ್ಯಾಕೇಜಿನಾಗ ಐತಿ. ಕುಡಿಯೂದೂ ಪ್ಯಾಕೇಜಿನಾಗ. ನಮ್ಮ ತಮ್ಮ ಅತೀಕ್ ಮಾಡ್ತಾನ. ನೋಡ್ರಿ, ಮಾದರಿಗೆ ಕಳಿಸ್ಯಾನ.

(ಯಾಸ್ಮೀನ್ ತಟ್ಟೆ ತಂದು ಇಡುತ್ತಾಳೆ. ಉದ್ದ ಕಾಲಿನ ಗಾಜಿನ ಲೋಟ. ಒಳಗೆ ನೀಲಿ ಶರಬತ್ತು. ಮೇಲಿನಿಂದ ಬಿಳಿ ಹೊಗೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯುತ್ತದೆ.)

ಕೆರಿಯ: ಇದು ಕುಡಿಯೂಕಾ, ಸೊಳ್ಳೆ ಓಡಿಸೂಕಾ?

ದಿವ್ಯಾ: ಬ್ಲೂ ಲಗೂನ್ ಮಾವ. ಬಂದವ್ರಿಗೆ ಬಾಗಿಲಲ್ಲೇ ಕೊಡೂದು.

ಕೆರಿಯ: ಮಗಾ, ಈ ಬಣ್ಣ ನಂಗೆ ಗೊತ್ತದೆ. ಕೊಳೆ ಬಂದ ಅಡಿಕೆ ಮರಕ್ಕೆ ಹೊಡೆಯೂ ಮೈಲುತುತ್ತು ಇದೇ ಬಣ್ಣ. ತ್ಯಾಗಲಿಯವ್ರಿಗೆ ಇದನ್ನ ಕೊಟ್ರೆ ಕುಡಿಯೂದಿಲ್ಲ. ಪಂಪು ಎಲ್ಲಿ ಅಂತ ಕೇಳ್ತಾರೆ.

ಯಾಸ್ಮೀನ್: ಇನ್ನೊಂದು ಐತ್ರಿ. ಬಾಟ್ಲಿ. ಮದುಮಕ್ಕಳು ಅಲ್ಲಾಡಿಸಿ ಬಿರಡಿ ಹಾರಿಸ್ತಾರ. ಒಳಗ ಬರೇ ಸೇಬಿನ ರಸ, ನಮ್ಮ ಅಂಗಡ್ಯಾಗ ಬ್ಯಾರೆ ಏನೂ ಇರೂದಿಲ್ಲ.

ಕೆರಿಯ: ಒಳಗೆ ಸೇಬು, ಹೊರಗೆ ಗರ್ನಾಲು. ಕುಡಿದೂ ಸದ್ದಿಲ್ಲದೆ ಮಲಗೂ ಜನ ನಮ್ಮೂರಲ್ಲಿ ಇದ್ದಾರೆ ತಂಗಿ. ಕುಡಿಯದೇ ಸದ್ದು ಮಾಡೂದು ಇದೇ ಮೊದ್ಲು.

ದಿವ್ಯಾ: ಹಂಗಾದ್ರೆ ಎಂತ ಕೊಡೂದು? ನೀನೇ ಹೇಳು.

ಕೆರಿಯ: ಮುರುಗಲು ಹಣ್ಣಿನ ಪಾನಕ. ಜೊತೆಗೆ ಒಂದು ತುಂಡು ಬೆಲ್ಲ. ಬಿಸಿಲಲ್ಲಿ ಬಂದವ್ರಿಗೆ ಹೊಟ್ಟೆ ತಣ್ಣಗಾಗ್ತದೆ. ಕೆಂಪು ಬಣ್ಣ. ಮದುವೆಗೆ ಕೆಂಪೇ ಚಂದ. ಹೊಗೆ ಬೇಕಾದ್ರೆ ಅಡುಗೆಮನೆಯಲ್ಲಿ ಬೇಕಾದಷ್ಟು ಇರ್ತದೆ, ಹೋಗಿ ನೋಡ್ಲಿ.

(ದಿವ್ಯಾ ಯೋಚಿಸುತ್ತಾಳೆ. ಗೌನು ಉಳಿಯಬೇಕಾದರೆ ಮಾವನಿಗೆ ಎಲ್ಲಾದರೂ ಒಂದು ಜಯ ಕೊಡಬೇಕು.)

ದಿವ್ಯಾ: ಸರಿ. ಪಾನಕ ನಿಂದು. ಇದೇ ಉದ್ದ ಲೋಟದಲ್ಲಿ ಮುರುಗಲೇ ಕೊಡ್ವ. ಗೌನು ನಂದು. ಇಬ್ರ ಮಾತೂ ನಡೀತು. ಆಯ್ತಾ?

(ಇಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಯಾಸ್ಮೀನ್ ಕಣ್ಣಿನಲ್ಲೇ ಹೂಂ ಅನ್ನಿ ಎಂದು ಬೇಡಿಕೊಂಡಳು. ಆದರೆ ಕೆರಿಯ ನಾಯ್ಕ ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವನು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡಹುವ ಕಲೆ ಅದು. ಒಮ್ಮೆ ಹುಲಗೋಳದಲ್ಲಿ, ಸಾಯಬೇಕಾದ ರಾಕ್ಷಸನ ಅರ್ಥ ಹಿಡಿದು, ದೇವರು ಉತ್ತರ ಕಾಣದೆ ನೀರು ಕೇಳುವಂತೆ ಮಾಡಿದ್ದ. ಕೊನೆಗೆ ಭಾಗವತರೇ ಮಧ್ಯೆ ಪದ ಎತ್ತಿ ಅವನನ್ನು ಕೊಂದಿದ್ದರು. ಅಂಥವನ ನಾಲಿಗೆಗೆ ಪಾನಕದ ಗೆಲುವು ತಾಗಿತು. ಸೋಲಲೆಂದೇ ಬಂದವನು ಎಂಬುದು ನಾಲಿಗೆಗೆ ನೆನಪಿರಲಿಲ್ಲ.)

ಕೆರಿಯ: ಪಾನಕ ಕೊಟ್ಟು ಮಾವನ್ನ ಕಳಿಸ್ತ್ಯಾ? ಒಳ್ಳೇದು. ಒಂದು ಮಾತು ಕೇಳ್ತೆ. ಸಿದ್ದಾಪುರದ ಆಸ್ಪತ್ರೆಯಿಂದ ನಿನ್ನ ಮನೆಗೆ ತರುವಾಗ ಹೊತ್ಕಂಡವ ಯಾರು?

ದಿವ್ಯಾ: ನೀನು.

ಕೆರಿಯ: ಹಲ್ಲು ಬರೂ ಹೊತ್ತಿಗೆ ಯಾರ ಕಿವಿ ಕಚ್ಚಿದ್ದೆ?

ದಿವ್ಯಾ: ನಿಂದು.

ಕೆರಿಯ: ಮಳೆಗಾಲದಲ್ಲಿ ಶಾಲೆಗೆ ಹೋಗೂಕೆ ಹಳ್ಳ ದಾಟಿಸಿದವ ಯಾರು? ಹೆಗಲ ಮೇಲೆ ಕೂತ್ಕಂಡು ನನ್ನ ತಲೆ ಮೇಲೆ ಪುಸ್ತಕ ಇಟ್ಟು ಮಗ್ಗಿ ಓದ್ತಿದ್ದೆ. ಆಗ ನಾ ಕೇಳಿದ್ನಾ, ಇವಳನ್ನ ಎಲ್ಲಿ ಹಿಡಿದು ಎತ್ತೂದು ಅಂತ?

(ಕೆರಿಯನ ಧ್ವನಿ ಏರುತ್ತದೆ. ಕೈ ಗಾಳಿಯಲ್ಲಿ ತಾಳ ಹಾಕುತ್ತದೆ.)

ಕೆರಿಯ: ಮದುವೆಯಲ್ಲಿ ಎಲ್ರಿಗೂ ಒಂದು ಕೆಲಸ ಅದೆ. ಅಪ್ಪ ಧಾರೆ ಎರೀತಾನೆ. ಅಮ್ಮ ಅಳ್ತಾಳೆ. ಗಂಡ ತಾಳಿ ಕಟ್ತಾನೆ. ಫೋಟೋದವ ಎಲ್ರನ್ನೂ ಬೈತಾನೆ. ಸೋದರಮಾವನಿಗೆ ಅಂತ ಹಿರಿಯರು ಇಟ್ಟದ್ದು ಚಪ್ಪರದ ಬಾಗಿಲಿಂದ ಹಸೆಮಣೆವರೆಗಿನ ದಾರಿ ಒಂದೇ. ಅಷ್ಟು ದೂರ ನೀನು ನನ್ನ ಮಗು. ಹಸೆಮಣೆ ಮೇಲೆ ಇಳಿಸಿದ ಮೇಲೆ ಬೇರೆ ಮನೆಯವಳು. ಆ ದಾರಿಯನ್ನೂ ಒಂದು ಕೋಳಿಬುಟ್ಟಿ ಕಸ್ಕಂಡ್ರೆ ನಾ ಆ ಮದುವೆಗೆ ಯಾರು? ಬಂದ, ಉಂಡ, ಕೈ ತೊಳೆದ, ಹೋದ.

(ಯಾಸ್ಮೀನ್ ಅಳತೆಪಟ್ಟಿಯಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ದಿವ್ಯಾ ಗೌನಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. ಅದನ್ನು ಯಾಸ್ಮೀನ್ ನೋಡಿಯೂ ಸುಮ್ಮನಿರುತ್ತಾಳೆ. ಮಾತಿನ ಪರಿಣಾಮ ಅಷ್ಟಿತ್ತು.)

ದಿವ್ಯಾ: ಸಾಕು ಮಾವ. ಗೌನು ಬೇಡ.

ಕೆರಿಯ: ಹಾಂ. ಹಾಗೆ ಬಾ ದಾರಿಗೆ.

(ಗೆಲುವಿನ ನಗು ಅರ್ಧ ಬಂದು ಅಲ್ಲೇ ನಿಂತಿತು. ತಾನು ಗೆದ್ದದ್ದು ಏನನ್ನು ಎಂಬುದು ಅವನಿಗೆ ಆಗ ಹೊಳೆಯಿತು.)

ಕೆರಿಯ: ಎಂತ? ಎಂತ ಹೇಳಿದೆ?

ದಿವ್ಯಾ: ಗೌನು ಬೇಡ ಅಂದೆ. ಅಮ್ಮನ ಕೆಂಪು ಸೀರೆ ಉಡ್ತೆ. ನೀನೇ ಎತ್ತು.

ಕೆರಿಯ: ಇಷ್ಟು ಬೇಗವಾ? ಮನುಷ್ಯರಿಗೆ ಸ್ವಲ್ಪ ಹಠ ಬೇಕು ಮಗಾ.

ದಿವ್ಯಾ: ನಿನ್ನ ಮಾತು ಕೇಳಿದ ಮೇಲೆ ಎಂತ ಹಠ?

ಕೆರಿಯ: ಮಾತು ಎಂತ ಮಾತು. ಮಾತಾಡ್ದೆ ಅಷ್ಟೆ. ಒಂದು ಮಾತಿಗೆ ಮದುವೆ ಬಟ್ಟೆ ಬದಲು ಮಾಡ್ತಾರಾ? ನಿನ್ನ ಆಸೆ ಅಂತ ಒಂದು ಇಲ್ವಾ?

ದಿವ್ಯಾ: ಈಗ ಇದೇ ನನ್ನ ಆಸೆ.

ಕೆರಿಯ: ಅಲ್ಲ, ಕೋಳಿಬುಟ್ಟಿ ಅಂದದ್ದು ಬೈದದ್ದು ಅಂತ ತಿಳ್ಕಂಡ್ಯಾ? ಒಂದು ಕೋಳಿಬುಟ್ಟಿ ಹೆಣೆಯೂದು ಎಷ್ಟು ನಾಜೂಕಿನ ಕೆಲಸ ಗೊತ್ತದಾ ನಿಂಗೆ? ಯಾಸ್ಮೀನ್ ತಂಗೀ, ನೀನಾದ್ರೂ ಹೇಳೆ. ಎಂಥ ಬಟ್ಟೆ. ಎಂಥ ಬಳೆ.

ಯಾಸ್ಮೀನ್: (ನಿಟ್ಟುಸಿರು) ನಾ ಏನ್ ಹೇಳ್ಲಿ ನಾಯ್ಕ್ರೆ. ನೀವು ಅಷ್ಟು ಚಂದ ಹೇಳಿದ್ಮ್ಯಾಲೆ ನನಗೂ ಗೌನ್ ಕೊಡೂದು ಪಾಪ ಅನ್ನಿಸಾಕತ್ತೈತಿ.

ದಿವ್ಯಾ: ಬಿಚ್ಚೂಕೆ ಬಾ ಅಕ್ಕ.

ಕೆರಿಯ: ನಿಲ್ಲು. ಬಿಚ್ಚಬೇಡ. ನೀಲಿ ಶರಬತ್ತೂ ಇರ್ಲಿ.

ದಿವ್ಯಾ: ಮೈಲುತುತ್ತು ಅಂದ್ಯಲ್ಲ?

ಕೆರಿಯ: ಮರಕ್ಕೆ ಒಳ್ಳೇದಾದದ್ದು ಮನುಷ್ಯರಿಗೆ ಕೆಟ್ಟದ್ದಾ? ಹೊಗೆಯೂ ಇರ್ಲಿ. ಬಾಟ್ಲಿ ಎರಡು ಹಾರಿಸ್ವ.

(ಹೇಳಿದ್ದಲ್ಲದೆ, ನೀಲಿ ಲೋಟ ಎತ್ತಿ ಒಂದು ಗುಟುಕು ಕುಡಿದೂ ತೋರಿಸುತ್ತಾನೆ. ಮೀಸೆಯಿಂದ ಹೊಗೆ ಹೊರಡುತ್ತದೆ.)

ದಿವ್ಯಾ: ಮಾವ, ನಿಂಗೆ ನನ್ನ ಎತ್ತೂಕೆ ಮನಸಿಲ್ವಾ?

ಕೆರಿಯ: ಯಾರು ಹೇಳಿದ್ದು? ಮನಸು ಅದೆ. ಮನಸು ಪೂರಾ ಅದೆ. ಮನಸಿಗೆ ಎಂತ ಆಗದೆ?

(ಎರಡು ಗುಟ್ಟು ಹೊತ್ತು ನಿಂತಿದ್ದ ಯಾಸ್ಮೀನಳಿಗೆ ಇನ್ನು ತಡೆಯಲಾಗಲಿಲ್ಲ. ಅಳತೆಪಟ್ಟಿಯನ್ನು ಮೇಜಿನ ಮೇಲೆ ಎಸೆಯುತ್ತಾಳೆ.)

ಯಾಸ್ಮೀನ್: ಸಾಕ್ರಿ ನಿಮ್ದು. ಆಣೆ ಮುರೀತೀನಿ, ದೇವರು ಕ್ಷಮಿಸ್ತಾನ. ನಾಯ್ಕ್ರೆ, ನಿಮ್ಮ ಸೊಂಟ ಹೋದದ್ದು ಆಕಿಗೆ ಗೊತ್ತೈತಿ. ಆಕಿ ಗೌನ್ ಹಾಕ್ಕೊಂಡಿದ್ದ ನಿಮ್ಮ ಸೊಂಟಕ್ಕ. ದಿವ್ಯಾ, ನಿಮ್ಮ ಮಾವಗೂ ಗೌನ್ ಬೇಕು. ಬ್ಯಾಡ ಅಂದಿದ್ದೆಲ್ಲ ಬರೇ ನಾಟಕ. ಇಬ್ರಿಗೂ ಬೇಕಾದ್ದನ್ನ ಇಬ್ರೂ ಸೇರಿ ಕಳ್ಕೊಂಡು ನಿಂತೀರಿ. ನನಗ ವ್ಯಾಪಾರನೂ ಇಲ್ಲ, ಊಟದ ಹೊತ್ತೂ ಹೋತು.

(ಮಾವ ಸೊಸೆಯನ್ನು ನೋಡಿದ. ಸೊಸೆ ಲೋಟ ನೋಡಿದಳು.)

ಕೆರಿಯ: ದ್ಯಾವಮ್ಮ ಹೇಳಿದ್ಲಾ?

ದಿವ್ಯಾ: ಹೂಂ.

ಕೆರಿಯ: ಎಷ್ಟು ಹೇಳಿದ್ಲು?

ದಿವ್ಯಾ: ಕಟಕ್ ಅಂದಲ್ಲೀವರೆಗೆ.

ಕೆರಿಯ: ಅವಳು ಬಿದ್ದದ್ದು?

ದಿವ್ಯಾ: ಅದೂ. ಎಲ್ಲಿ ಬಿದ್ರು ಅನ್ನೂದನ್ನೂ. ಸಗಣಿ ಬುಟ್ಟಿ ಅಂತೆ.

(ಕೆರಿಯ ಕಿಟಕಿಯ ಕಡೆ ತಿರುಗುತ್ತಾನೆ.)

ದಿವ್ಯಾ: ಮಾವ, ಬೇಜಾರು ಮಾಡಬೇಡ. ಒಂದು ಉಪಾಯ ಅದೆ. ಈ ಗೌನಿನಡಿ ನನ್ನ ಕಾಲು ಯಾರಿಗೂ ಕಾಣೂದಿಲ್ಲ. ನೀ ಪಕ್ಕದಲ್ಲಿ ಕೈ ಹಾಕಿ ಎತ್ತಿದ ಹಾಗೆ ಮಾಡು. ನಾ ಒಳಗಿಂದ ಮೆಲ್ಲಗೆ ನಡೀತೆ. ತೇಲಿ ಬಂದ ಹಾಗೇ ಕಾಣ್ತದೆ.

ಕೆರಿಯ: ಊರಿಗೆಲ್ಲ ಹಾಗೆ ಕಾಣ್ತದೆ ಮಗಾ. ನಂಗೆ ಹೆಂಗೆ ಕಾಣ್ತದೆ?

(ಯಾಸ್ಮೀನ್ ಒಳ್ಳೆಯ ಮನಸ್ಸಿನಿಂದಲೇ ಬಾಯಿ ಹಾಕುತ್ತಾಳೆ.)

ಯಾಸ್ಮೀನ್: ಇಷ್ಟೆಲ್ಲ ಯಾಕ್ರಿ, ಸೀರಿನೇ ಉಡಸ್ರಿ. ಆ ಮಾಸ್ತಿ ಅವ್ರನ್ನ ಒಂದ್ ಮಾತು ಕೇಳಿದ್ರ...

(ಹೆಸರು ಪೂರ್ತಿ ಹೊರಬೀಳುವ ಮೊದಲೇ ಕೆರಿಯ ಎದ್ದಾಗಿತ್ತು. ಲುಂಗಿ ಮೇಲಕ್ಕೆ ಕಟ್ಟಿದ. ಅಂಗೈ ಉಜ್ಜಿದ.)

ಕೆರಿಯ: ನಿಲ್ಲು ಅಲ್ಲೇ. ಗೌನು ಸಮೇತ ಎತ್ತಿ ತೋರಿಸ್ತೆ.

ದಿವ್ಯಾ: ಮಾವ ಬೇಡ.

ಯಾಸ್ಮೀನ್: ನಾಯ್ಕ್ರೆ, ಬಾಡಿಗಿ ಬಟ್ಟಿ ಅದು.

ಕೆರಿಯ: ಯಾರೂ ಮಾತಾಡಬೇಡಿ. ಉಸಿರು ತಪ್ತದೆ.

(ಸೊಸೆಯ ಹಿಂದೆ ಹೋಗಿ, ಪಾದ ಗಟ್ಟಿ ಊರಿ, ಇಷ್ಟದೈವವನ್ನು ನೆನೆದು, ಕೆರಿಯ ಬಾಗಿದ. ಎರಡು ಕೈಯಲ್ಲಿ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದ. ಎಳೆದ. ಸದ್ದೊಂದು ಕೇಳಿಸಿತು. ಗೌನು ಹರಿಯಿತೇ ಎಂದು ಯಾಸ್ಮೀನ್ ಹೌಹಾರಿದಳು. ಗೌನು ಸರಿಯಾಗಿಯೇ ಇತ್ತು. ದಿವ್ಯಾ ಇದ್ದಲ್ಲೇ ಇದ್ದಳು. ಕೆರಿಯನೂ ಬಾಗಿದಲ್ಲೇ ಇದ್ದ. ಮೇಲೆ ಬಂದದ್ದು ಅವನ ಮುಷ್ಟಿಯಲ್ಲಿದ್ದ ಗೌನಿನ ಉದ್ದ ಬಾಲ ಮಾತ್ರ.)

ದಿವ್ಯಾ: ಮಾವ?

ಕೆರಿಯ: ಹೂಂ.

ದಿವ್ಯಾ: ಏಳು.

ಕೆರಿಯ: ಎಂತಕ್ಕೆ ಅವಸರ?

ದಿವ್ಯಾ: ಏಳೂಕೆ ಬತ್ತದಾ?

(ಕೆರಿಯ ನೆಲ ನೋಡುತ್ತಾನೆ, ಕೈಯಲ್ಲಿದ್ದ ಬಟ್ಟೆ ನೋಡುತ್ತಾನೆ. ಮತ್ತೆ ಮಾತು ಬಂದಾಗ ಧ್ವನಿಯಲ್ಲಿ ಹಳೆಯ ಗತ್ತಿತ್ತು. ಬರುತ್ತಿದ್ದದ್ದು ಮಾತ್ರ ಮೊಣಕಾಲಿನ ಎತ್ತರದಿಂದ.)

ಕೆರಿಯ: ಈಗ ನಾ ಎಂತ ಮಾಡ್ತಾ ಇದ್ದೆ, ಹೇಳು.

ದಿವ್ಯಾ: ಗೌನಿನ ಬಾಲ ಹಿಡ್ಕಂಡು ನಿಂತಿದ್ದೆ.

ಕೆರಿಯ: ಹಿಡ್ಕಂಡು ಅಲ್ಲ. ಎತ್ಕಂಡು. ಸರಿಯಾಗಿ ನೋಡಿ ಹೇಳು.

ದಿವ್ಯಾ: ಹೌದು. ಎತ್ಕಂಡು.

ಕೆರಿಯ: ಮದುಮಗಳ ಮೈಮೇಲಿನ ಬಟ್ಟೆ ನೆಲಕ್ಕೆ ತಾಗದ ಹಾಗೆ ಸೋದರಮಾವ ಎತ್ಕಂಡು ಹೋಗ್ಬೇಕು. ಚಪ್ಪರದ ಬಾಗಿಲಿಂದ ಹಸೆಮಣೆವರೆಗೆ. ಇದೇ ಶಾಸ್ತ್ರ. ಮೊದ್ಲಿನವ್ರು ಸೀರೆ ಉಡ್ತಿದ್ರು. ಸೀರೆಗೆ ಬಾಲ ಇಲ್ಲ. ಬೇರೆ ದಾರಿ ಕಾಣದೆ ಪೂರಾ ಮನುಷ್ಯರನ್ನೇ ಎತ್ತಿದ್ರು, ಪಾಪ.

ಯಾಸ್ಮೀನ್: ಮಾಸ್ತಿ ಅವ್ರು ಬಂದು ನಾನೂ ಹಿಡೀತೀನಿ ಅಂದ್ರ?

ಕೆರಿಯ: ಮರ್ಯಾದೆಯಿಂದ ಇಷ್ಟು ಬಗ್ಗಬೇಕು. ಅವನ ಬನಿಯನ್ ಬಿಗಿ, ಹರೀತದೆ.

(ದಿವ್ಯಾ ನಗು ತಡೆಯಲು ನೋಡಿ, ಆಗದೆ, ಅಳುತ್ತ ನಗುತ್ತಾಳೆ. ಉಕ್ಕಿನ ಬಳೆಗಳೆಲ್ಲ ಕುಲುಕುತ್ತವೆ.)

ದಿವ್ಯಾ: ಈಗ ಬಿಡು ಮಾವ. ಎದುರಿಗೇ ಡಾಕ್ಟ್ರು ಇದ್ದಾರೆ, ಹೋಗ್ವ.

ಕೆರಿಯ: ಬಿಟ್ರೆ ಬೀಳ್ತೆ. ನೀ ಮುಂದೆ ನಡಿ.

ಯಾಸ್ಮೀನ್: ಗೌನ್ ಹಾಕ್ಕೊಂಡು ಬೀದಿಗ್ಯಾ? ನಾಯ್ಕ್ರೆ, ಕೆಳಗ ಧೂಳು ಐತಿ.

ಕೆರಿಯ: ಧೂಳು ತಾಗಬಾರದು ಅಂತಲೇ ತಂಗಿ ನಾ ಇರೂದು.

(ಮೂವರೂ ಮೆಟ್ಟಿಲು ಇಳಿದರು. ಮುಂದೆ ಸಿರ್ಸಿ ಪೇಟೆಯ ಮಟಮಟ ಮಧ್ಯಾಹ್ನವನ್ನು ಎರಡು ಭಾಗ ಮಾಡಿಕೊಂಡು ಕೆನೆ ಬಣ್ಣದ ಗೌನು. ಅದರ ಹಿಂದೆ ಬಾಲ ಎತ್ತಿ ಹಿಡಿದು, ಮೂಗು ಮೊಣಕಾಲಿಗೆ ತಾಗುವಷ್ಟು ಬಾಗಿ, ಅಳತೆಯ ಹೆಜ್ಜೆ ಇಡುವ ಕೆರಿಯ ನಾಯ್ಕ. ಪಕ್ಕದಲ್ಲಿ ಬಟ್ಟೆಯ ಅಂಚು ಕಾಯುತ್ತ ಯಾಸ್ಮೀನ್. ಬಸ್ಸು ನಿಂತಿತು. ತರಕಾರಿ ಗಾಡಿ ಹಿಂದಕ್ಕೆ ಸರಿಯಿತು. ಒಬ್ಬಾಕೆ ಯಾವ ದೇವರೆಂದು ತಿಳಿಯದಿದ್ದರೂ ಕೈ ಮುಗಿದಳು. ಆಟೋ ಅಬ್ದುಲ್ ಗಫೂರ್, ಹುಲಗೋಳಕ್ಕೆ ಬಾಡಿಗೆ ಹೋಗಿ ಬಂದು ಪರಿಚಯವಿದ್ದವನು, ಗಾಡಿಯಿಂದ ತಲೆ ಹೊರಗೆ ಹಾಕಿದ.)

ಗಫೂರ್: ಏನ್ ನಾಯ್ಕ್ರೆ, ನೆಲ ನೋಡ್ಕೋತ ಹೊಂಟೀರಿ? ಏನಾರ ಕಳಕೊಂಡ್ರಾ?

ಕೆರಿಯ: (ತಲೆ ಎತ್ತದೆ) ಕಳಕಂಡಿದ್ದೆ ಮಾರಾಯ. ಸಿಕ್ತು. ದಾರಿ ಬಿಡು.